ರೇಡಿಯೇಟರಿನ ಮುಚ್ಚಳವನ್ನು ಏಕೆ ತೆರೆಯಬಾರದು?

ಬೇಸಗೆಯ ಮಧ್ಯಾಹ್ನ. ಬುಕ್ಕಸಾಗರದಿಂದ ಹೊರಟ ಹಳೆಯ ಟಾಟಾ ಸುಮೋ ಒಂದು, ತುಂಬ ಜನರನ್ನು ಹೊತ್ತು, ಹೊಸಪೇಟೆಯನ್ನು ದಾಟಿ ಸಂಡೂರಿನ ಏರುದಾರಿಯನ್ನು ಹಿಡಿದಿದೆ. ಮುಂದೆ ಅದಿರಿನ ಲಾರಿಗಳ ಸಾಲು. ಗಾಡಿ ತೆವಳುತ್ತಿದ್ದಂತೆ ಉಷ್ಣಮಾಪಕದ ಮುಳ್ಳು ಕೆಂಪು ಗೆರೆಯನ್ನು ಮುಟ್ಟುತ್ತದೆ. ಬಾನೆಟ್ಟಿನ ಸಂದಿಯಿಂದ ಹಬೆ ಏಳುತ್ತದೆ. ಚಾಲಕನು ಕೆಳಗಿಳಿದು, ಟವಲನ್ನು ಕೈಗೆ ಸುತ್ತಿಕೊಂಡು, ನೀರು ಹಾಕಲೆಂದು ರೇಡಿಯೇಟರಿನ ಮುಚ್ಚಳಕ್ಕೆ ಕೈ ಚಾಚುತ್ತಾನೆ. ಆ ಕೈಯನ್ನು ತಡೆಯಬೇಕು. ಏಕೆಂಬುದನ್ನು ನಾವು ತರಗತಿಯಲ್ಲಿ ಕಲಿಯುವ ಭೌತಶಾಸ್ತ್ರವೇ ತಿಳಿಸುತ್ತದೆ.

1994ರಲ್ಲಿ ಮಾರುಕಟ್ಟೆಗೆ ಬಂದ ಸುಮೋ ಗಾಡಿಯ ತಯಾರಿಕೆ 2019ರಲ್ಲಿ ನಿಂತಿತು. ಆದರೂ ಹಳೆಯ ಗಾಡಿಗಳು ಇನ್ನೂ ದುಡಿಯುತ್ತಿವೆ. ಅವುಗಳ ಸಣ್ಣಪುಟ್ಟ ರಿಪೇರಿಯನ್ನು ಮಾಲೀಕರೇ ಮಾಡಿಕೊಳ್ಳುವುದುಂಟು. ಅಂಥವರು ಮೊದಲು ಅರಿಯಬೇಕಾದುದು ಉಷ್ಣದ ಲೆಕ್ಕ.

ಡೀಸೆಲ್ ಉರಿದಾಗ ಹುಟ್ಟುವ ಉಷ್ಣದಲ್ಲಿ ಸ್ಥೂಲವಾಗಿ ಮೂರನೆಯ ಒಂದು ಭಾಗ ಮಾತ್ರ ಗಾಡಿಯನ್ನು ಓಡಿಸುತ್ತದೆ. ಇನ್ನೊಂದು ಭಾಗ ಹೊಗೆಯೊಡನೆ ಹೋಗುತ್ತದೆ. ಉಳಿದುದರಲ್ಲಿ ಬಹುಪಾಲನ್ನು ನೀರು ಹೊತ್ತು ತಂದು, ರೇಡಿಯೇಟರಿನ ತೆಳುಕೊಳವೆಗಳ ಮೂಲಕ ಗಾಳಿಗೆ ಒಪ್ಪಿಸುತ್ತದೆ. ಏರುದಾರಿಯಲ್ಲಿ ಉರಿಯುವ ಡೀಸೆಲ್ ಹೆಚ್ಚು, ಬೀಸುವ ಗಾಳಿ ಕಡಿಮೆ. ಆದುದರಿಂದಲೇ ಅಲ್ಲಿ ಗಾಡಿ ಕುದಿಯುವುದು.

ದ್ರವದ ಕುದಿಬಿಂದುವು ಅದರ ಮೇಲಿನ ಒತ್ತಡವನ್ನು ಅವಲಂಬಿಸಿದೆ. ಹಂಪಿ, ಹೊಸಪೇಟೆಗಳ ಎತ್ತರದಲ್ಲಿ ನೀರು ಸುಮಾರು 98 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳದೊಳಗೆ ಒಂದು ಸ್ಪ್ರಿಂಗ್ ಇದೆ. ಅದು ಚದರ ಸೆಂಟಿಮೀಟರಿಗೆ 0.9 ಕಿಲೋಗ್ರಾಮಿನಷ್ಟು ಹೆಚ್ಚಿನ ಒತ್ತಡವನ್ನು ತಡೆಹಿಡಿದರೆ, ಕುದಿಬಿಂದು ಸುಮಾರು 118 ಡಿಗ್ರಿಗೆ ಏರುತ್ತದೆ. ನಮ್ಮ ಮನೆಯ ಪ್ರೆಷರ್ ಕುಕ್ಕರಿನ ತತ್ತ್ವವೇ ಇದು.

ಒಳಗಿನ ನೀರು 115 ಡಿಗ್ರಿಯಲ್ಲಿರುವಾಗ ಮುಚ್ಚಳವನ್ನು ತೆರೆದೆವೆನ್ನೋಣ. ಒತ್ತಡ ಥಟ್ಟನೆ ಇಳಿಯುತ್ತದೆ. ಕುದಿಬಿಂದು 98ಕ್ಕೆ ಬರುತ್ತದೆ. ಹೆಚ್ಚುವರಿಯಾದ 17 ಡಿಗ್ರಿಯ ಉಷ್ಣವು ಪ್ರತಿ ಕಿಲೋಗ್ರಾಂ ನೀರಿನಲ್ಲಿ ಸುಮಾರು 71 ಕಿಲೋಜೂಲ್. ಒಂದು ಕಿಲೋಗ್ರಾಂ ನೀರು ಪೂರ್ತಿ ಆವಿಯಾಗಲು ಸುಮಾರು 2,260 ಕಿಲೋಜೂಲ್ ಬೇಕು. ಹಾಗಾಗಿ ನೂರರಲ್ಲಿ ಮೂರು ಭಾಗ ನೀರು ಕ್ಷಣಮಾತ್ರದಲ್ಲಿ ಹಬೆಯಾಗುತ್ತದೆ. ಮೂರು ಭಾಗವೆಂದರೆ ಅಲ್ಪವೆಂದು ತೋರಬಹುದು. ಆದರೆ ಲೀಟರು ನೀರಿಗೆ ಐವತ್ತು ಲೀಟರಿನಷ್ಟು ಹಬೆ! ಅದು ಕುದಿನೀರನ್ನೂ ಎತ್ತಿಕೊಂಡು ಮುಖಕ್ಕೆ ಎರಚುತ್ತದೆ. ಟವಲು ಇದಕ್ಕೆ ಅಡ್ಡಿಯಾಗದು.

ಹಾಗಾದರೆ ಮಾಡತಕ್ಕದ್ದೇನು? ಗಾಡಿಯನ್ನು ರಸ್ತೆಯ ಬದಿಗೆ ತಂದು ಎಂಜಿನನ್ನು ನಿಲ್ಲಿಸಬೇಕು. ಎಂಜಿನು ಪೂರ್ಣವಾಗಿ ತಣ್ಣಗಾಗುವವರೆಗೆ, ಗಂಟೆಯಾದರೂ ಸರಿ, ಕಾಯಬೇಕು. ಕಾದ ಎಂಜಿನ್ನಿಗೆ ತಣ್ಣೀರನ್ನು ಸುರಿದರೆ ಲೋಹವು ಒಂದೆಡೆ ಬೇಗನೆ ಕುಗ್ಗಿ ಬಿರುಕು ಬಿಡಬಹುದು.

ಕಾಯುವ ಪ್ರಮೇಯ ಬಾರದಿರಲು ಮನೆಯಲ್ಲೇ ಮಾಡಬಹುದಾದ ಕೆಲಸಗಳಿವೆ. ಎಲ್ಲವನ್ನೂ ಬೆಳಿಗ್ಗೆ, ಎಂಜಿನು ತಣ್ಣಗಿರುವಾಗಲೇ ಮಾಡಬೇಕು. ರೇಡಿಯೇಟರಿನ ಸಂದುಗಳಲ್ಲಿ ಅದಿರಿನ ಕೆಂಧೂಳೂ ಹುಳುಗಳೂ ತುಂಬಿದ್ದರೆ, ಎಂಜಿನ್ನಿನ ಕಡೆಯಿಂದ ಹೊರಕ್ಕೆ ಮೆಲ್ಲಗೆ ನೀರು ಹಾಯಿಸಿ ತೊಳೆಯಬೇಕು. ಫ್ಯಾನಿನ ಬೆಲ್ಟು ಸಡಿಲವಾಗಿದೆಯೇ, ರಬ್ಬರು ಕೊಳವೆಗಳು ಬಿರಿದಿವೆಯೇ, ಮುಚ್ಚಳದ ವಾಷರು ಸವೆದಿದೆಯೇ ಎಂದು ನೋಡಬೇಕು. ಕೊಳವೆಬಾವಿಯ ಗಡಸು ನೀರನ್ನು ತುಂಬಬಾರದು. ಅದರ ಸುಣ್ಣದ ಪದರವು ಉಷ್ಣವನ್ನು ತಡೆಯುತ್ತದೆ. ಭಟ್ಟಿ ಇಳಿಸಿದ ನೀರಿಗೆ ತಯಾರಕರು ಹೇಳಿದ ಪ್ರಮಾಣದಲ್ಲಿ ಕೂಲೆಂಟ್ ಬೆರೆಸಬೇಕು. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಗುಣಕ್ಕೆ ವಿಷ. ಮಕ್ಕಳೂ ದನಕರುಗಳೂ ಮುಟ್ಟದಂತೆ ಇಡಬೇಕು.

ಇಷ್ಟೆಲ್ಲ ಮಾಡಿದರೂ ಪದೇ ಪದೇ ಕುದಿಯುವ ಗಾಡಿಯನ್ನು ಮೆಕ್ಯಾನಿಕ್ಕನಿಗೆ ತೋರಿಸುವುದೇ ಲೇಸು. ಆದರೆ ದಾರಿಯಲ್ಲಿ ಹಬೆ ಎದ್ದಾಗ ನಮ್ಮನ್ನು ಕಾಪಾಡುವುದು ಯಾವ ಉಪಕರಣವೂ ಅಲ್ಲ. ಮುಚ್ಚಳವನ್ನು ಮುಟ್ಟದೆ ಕಾಯುವ ತಾಳ್ಮೆ.