ಗುಡೇಕೋಟೆಯ ಕಟ್ಟೆಯಲ್ಲಿ ಐರನ್ ಮೇಡನ್

ಬಿಸಿಲು ಇಳಿದರೂ ಬಂಡೆಯ ಕಾವು ಇಳಿಯದ ಊರು ಗುಡೇಕೋಟೆ. ಯಾರೋ ಪೇರಿಸಿಟ್ಟಂತೆ ನಿಂತ ಗುಂಡುಕಲ್ಲುಗಳ ನಡುವೆ ಪಾಳೇಗಾರರ ಕೋಟೆಗೋಡೆ ಕೆಂಪಗೆ ಹೊಳೆದು ಕಪ್ಪಾಗುವ ಹೊತ್ತಿಗೆ ಬಾಣಲೆಗೆ ಬಿದ್ದ ಮಿರ್ಚಿ ಚೊಂಯ್ ಎನ್ನುತ್ತದೆ, ಮಂಡಕ್ಕಿ ಒಗ್ಗರಣೆಯ ಬೆಳ್ಳುಳ್ಳಿ ವಾಸನೆ ಬೇವಿನ ಕಟ್ಟೆಯವರೆಗೂ ಬರುತ್ತದೆ. ಬನ್ನಿ, ಇಲ್ಲೇ ಕೂರೋಣ. ಪಕ್ಕದಲ್ಲಿ, ಯುಗಾದಿಗೆಂದು ಬೆಂಗಳೂರಿನಿಂದ ಬಂದ ಇಬ್ಬರು ಒಂದೇ ಇಯರ್‌ಫೋನಿನ ಎರಡು ತುದಿ ಹಂಚಿಕೊಂಡು ಕಿತ್ತಾಡುತ್ತಿದ್ದಾರೆ. ಒಬ್ಬನ ಕರಿ ಅಂಗಿಯ ಮೇಲೆ ಹಲ್ಲು ಕಿಸಿದ ಅಸ್ಥಿಪಂಜರ. ಲಂಡನ್ನಿನ ಹೆವಿ ಮೆಟಲ್ ಸಂಗೀತ ತಂಡ ಐರನ್ ಮೇಡನ್‌ನ ಗುರುತಾದ ಎಡ್ಡಿ ಅದು. ಮಿರ್ಚಿಗೆ ಬಂದ ಮಕ್ಕಳಿಗೆ ಮಾತ್ರ 'ದೆವ್ವದ ಅಂಗಿ'.

"ಎಂಬತ್ತೆಂಟಕ್ಕೇ ಮುಗೀತಲೇ ಇವರ ಕತೆ," ಎನ್ನುತ್ತಾನೆ ಅಂಗಿಯವನು. ಶೇಂಗಾ ಸಿಪ್ಪೆ ಒಂದೊಂದಾಗಿ ಕಟ್ಟೆಯ ಮೇಲಿಟ್ಟು ಆಲ್ಬಂಗಳನ್ನು ಎಣಿಸುತ್ತಾನೆ: 1982ರ 'ದ ನಂಬರ್ ಆಫ್ ದ ಬೀಸ್ಟ್', 1984ರ 'ಪವರ್‌ಸ್ಲೇವ್', 1988ರ 'ಸೆವೆಂತ್ ಸನ್ ಆಫ್ ಎ ಸೆವೆಂತ್ ಸನ್'. ಆಮೇಲಿನದೆಲ್ಲ ಹೊಟ್ಟಂತೆ. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ತಂಡ ಭಾರತದಲ್ಲಿ ಮೊದಲ ಸಲ ಹಾಡಿದಾಗ ಇವನು ಆ ಜನಜಂಗುಳಿಯಲ್ಲಿದ್ದ. ಆ ಅಧಿಕಾರ ಮಾತಿನಲ್ಲಿ ಕಾಣುತ್ತದೆ.

ಕಿರಿಯವನು ಸೋಲುವವನಲ್ಲ. ಗಾಯಕ ಬ್ರೂಸ್ ಡಿಕಿನ್ಸನ್ 1993ರಲ್ಲಿ ಬಿಟ್ಟುಹೋದ ಮೇಲೆ ಬಂದ ಬ್ಲೇಜ್ ಬೇಲಿಯ ಪರ ವಕಾಲತ್ತು ಅವನದು. ಅಂಗಿಯವನು ನಕ್ಕು, ಬೇಲಿ ಹಳೆಯ ಹಾಡನ್ನು ವೇದಿಕೆಯಲ್ಲಿ ಹಾಡಿದ್ದನ್ನು ಹಾಕುತ್ತಾನೆ. ಮೇಲಿನ ಸ್ವರದಲ್ಲಿ ಕೊರಳು ಒಡೆಯುತ್ತದೆ.

ಅಷ್ಟರಲ್ಲಿ ಬೀಡಿ ಆರಿಸಿ ಹತ್ತಿರ ಸರಿದವರು ಊರ ನಾಟಕಗಳಿಗೆ ಪೇಟಿ ಹಿಡಿಯುವ ಮಾಸ್ತರು. ಎಷ್ಟು 'ರಕ್ತರಾತ್ರಿ'ಗಳನ್ನು ಬೆಳಗು ಮಾಡಿದ ಬೆರಳುಗಳೋ! ಒಂದು ತುದಿಯನ್ನು ಕಿವಿಗಿಟ್ಟುಕೊಂಡು ಕಣ್ಣು ಮುಚ್ಚಿದರು. "ತಮ್ಮಾ, ಕೊರಳು ಈತಂದು, ಶ್ರುತಿ ಇನ್ನೊಬ್ಬಂದು. ಕರಿ ಒಂದಕ್ಕೆ ಹಾಡೋನಿಗೆ ಕರಿ ನಾಲ್ಕು ಹಿಡಿದ್ರೆ ಕೂಗ್ಬೇಕಷ್ಟೆ."

ಮಾತು ನೆಟ್ಟಗೆ ತಾಗಿತು. ಬೇಲಿಯದು ತಗ್ಗು ದನಿ. ಡಿಕಿನ್ಸನ್ನರ ಏರುದನಿಗೆ ಹೊಂದಿದ ಹಾಡುಗಳನ್ನು ದಿನಾ ರಾತ್ರಿ ಅವನ ಕೊರಳಿಗೆ ಕಟ್ಟಿದರು. ಅವನಿಗೆಂದೇ ಬರೆದ 1995ರ 'ದಿ ಎಕ್ಸ್ ಫ್ಯಾಕ್ಟರ್'ನಲ್ಲಿ ಅದೇ ದನಿ ಬಾವಿಯೊಳಗಿಂದ ಬಂದಂತೆ ಆಳವಾಗಿದೆ. 1998ರ 'ವರ್ಚುವಲ್ ಇಲೆವೆನ್' ಸಪ್ಪೆ, ಅದಕ್ಕೆ ನನ್ನ ತಕರಾರಿಲ್ಲ.

1999ರಲ್ಲಿ ಡಿಕಿನ್ಸನ್ ಮರಳಿದರು; ಮರುವರ್ಷದ 'ಬ್ರೇವ್ ನ್ಯೂ ವರ್ಲ್ಡ್' ಒಂದರಲ್ಲೇ ಇಬ್ಬರೂ ರಾಜಿ. 2015ರ 'ದ ಬುಕ್ ಆಫ್ ಸೋಲ್ಸ್' ಬಂದೊಡನೆ ಮತ್ತೆ ಜಗಳ: ಅದರ ಕೊನೆಯ ಹಾಡೊಂದೇ 18 ನಿಮಿಷ, 1930ರಲ್ಲಿ ಬಿದ್ದು ಉರಿದ ಬ್ರಿಟಿಷ್ ವಾಯುನೌಕೆಯ ಕತೆ. "ಅಷ್ಟುದ್ದ ಯಾರು ಕೇಳ್ತಾರಲೇ?" ಬಯಲಾಟಕ್ಕೆ ಚಾಪೆ ಹಾಸಿ ಕೋಳಿ ಕೂಗುವವರೆಗೆ ಕೂತ ಊರಿನವನ ಪ್ರಶ್ನೆ ಇದು! ಮಾಸ್ತರು ಮೀಸೆಯಡಿ ನಕ್ಕರು.

ಕತ್ತಲಾಯಿತು. ಕರಡಿಧಾಮದ ಊರು; ಗವಿ ಬಿಟ್ಟು ಕರಡಿ ಇಳಿಯುವ ಹೊತ್ತು. ಎಣಿಸಿದ ಸಿಪ್ಪೆಗಳನ್ನು ಗಾಳಿ ಹೊತ್ತೊಯ್ದಿದೆ. ನೀವು ಮನೆಗೆ ಹೋಗಿ 'ದಿ ಎಕ್ಸ್ ಫ್ಯಾಕ್ಟರ್'ನ ಮೊದಲ ಹಾಡು ಹಾಕಿ. 11 ನಿಮಿಷ, ದೀಪ ಆರಿಸಿ ಕೇಳಿ.