ಕ್ಷಕಿರಣದ ತಕ್ಕಡಿಯಲ್ಲಿ ಗೆಲಾಕ್ಸಿ ಗುಂಪುಗಳು

ಸೂರ್ಯನನ್ನು ತಕ್ಕಡಿಯಲ್ಲಿಟ್ಟು ತೂಗಿದವರಿಲ್ಲ. ಆದರೂ ಅವನ ತೂಕವನ್ನು ನಾವು ಬಲ್ಲೆವು. ಭೂಮಿಯ ದೂರವನ್ನೂ ವೇಗವನ್ನೂ ಅಳೆದರೆ, ಅದನ್ನು ಹಿಡಿದಿಡಲು ಸೂರ್ಯನಲ್ಲಿ ಎಷ್ಟು ದ್ರವ್ಯವಿರಬೇಕೆಂಬುದು ಲೆಕ್ಕದಿಂದ ತಿಳಿಯುವುದು. ನೂರಾರು ಗೆಲಾಕ್ಸಿಗಳು ನೆರೆದಿರುವ ದೊಡ್ಡ ಸಂದಣಿಯನ್ನೂ ಅವುಗಳ ವೇಗಗಳಿಂದಲೇ ತೂಗಬಹುದು. ಆದರೆ ಮೂರೋ ನಾಲ್ಕೋ ಗೆಲಾಕ್ಸಿಗಳ ಚಿಕ್ಕ ಗುಂಪು ಎದುರಾದಾಗ ಈ ಉಪಾಯ ಸೋಲುವುದು. ಮೂವರು ಹುಡುಗರ ಅಂಕಗಳನ್ನು ನೋಡಿ ಇಡೀ ಶಾಲೆಯ ಮಟ್ಟವನ್ನು ಹೇಳಲಾದೀತೆ?

ಇನ್ನೊಂದು ತೊಡಕೂ ಉಂಟು. ಒತ್ತಾಗಿ ಕಾಣುವ ಗೆಲಾಕ್ಸಿಗಳು ನಿಜವಾಗಿಯೂ ಒಂದೆಡೆ ಇರುವುವೋ, ಒಂದರ ಹಿಂದೆ ಒಂದು ಬಹುದೂರದಲ್ಲಿ ಇರುವುವೋ? ಫ್ರಾನ್ಸಿನ ಸ್ಟೆಫಾನ್ 1877ರಲ್ಲಿ ಕಂಡ ಪ್ರಸಿದ್ಧ ಪಂಚಕದಲ್ಲಿ ಒಂದು ಗೆಲಾಕ್ಸಿ ನಮಗೆ ತೀರ ಸಮೀಪದ್ದು; ಉಳಿದ ನಾಲ್ಕಕ್ಕೂ ಅದಕ್ಕೂ ನಂಟೇ ಇಲ್ಲ!

ಈ ಎರಡು ತೊಡಕುಗಳಿಗೂ ಪರಿಹಾರ ದೊರೆತುದು ಕ್ಷಕಿರಣಗಳಿಂದ. ವೈದ್ಯರ ಯಂತ್ರದಿಂದ ಹೊರಟು ನಮ್ಮ ದೇಹವನ್ನು ತೂರುವ ಈ ಕಿರಣಗಳು ವಾಯುಮಂಡಲವನ್ನು ತೂರಿ ಬರಲಾರವು. ಆದುದರಿಂದ ಉಪಕರಣವನ್ನೇ ಮೇಲಕ್ಕೆ ಒಯ್ಯಬೇಕು. 1962ರಲ್ಲಿ ಜಕೋನಿ ಮತ್ತು ಸಂಗಡಿಗರು ರಾಕೆಟ್ಟಿನಲ್ಲಿ ಒಯ್ದರು. 1970ರಲ್ಲಿ ಕೆನ್ಯದ ಕರಾವಳಿಯಿಂದ ಉಹುರು ಉಪಗ್ರಹ ಏರಿತು. ದೊಡ್ಡ ಸಂದಣಿಗಳ ನಡುವಣ ಬಯಲು ಬರಿದಲ್ಲ, ಅಲ್ಲಿ ಕಡುಬಿಸಿಯಾದ ಅನಿಲ ತುಂಬಿದೆ ಎಂಬುದು ಆಗ ತಿಳಿದುಬಂದಿತು. ಚಿಕ್ಕ ಗುಂಪುಗಳ ಬೆಳಕು ಬಲು ಮಂದ. ಅದನ್ನು ಕಾಣಲು 1990ರಲ್ಲಿ ಏರಿದ ಜರ್ಮನಿಯ ರೋಸಾಟ್ ಬೇಕಾಯಿತು.

ಉತ್ತರಾಕಾಶದಲ್ಲಿ ನಮ್ಮವರು ಯುಧಿಷ್ಠಿರನೆಂದು ಕರೆಯುವ ಸೆಫಿಯಸ್ ಪುಂಜದಲ್ಲಿ, ಸುಮಾರು 15 ಕೋಟಿ ಜ್ಯೋತಿರ್ವರ್ಷಗಳ ಆಚೆ, ಎನ್.ಜಿ.ಸಿ. 2300 ಎಂಬ ಗೆಲಾಕ್ಸಿಯ ಪುಟ್ಟ ಗುಂಪಿದೆ. ಮುಷೋಟ್ಸ್ಕಿ ಮೊದಲಾದ ನಾಲ್ವರು ರೋಸಾಟಿನಿಂದ ಅದನ್ನು ನೋಡಿ, ಸುಮಾರು 13 ಲಕ್ಷ ಜ್ಯೋತಿರ್ವರ್ಷಗಳ ಅಗಲಕ್ಕೆ ಹರಡಿದ ಅನಿಲದ ಮೋಡವಿದೆಯೆಂದು 1993ರಲ್ಲಿ ಸಾರಿದರು. ಅದರ ಉಷ್ಣತೆ ಸುಮಾರು 1 ಕೋಟಿ ಡಿಗ್ರಿ. ಆದರೆ ಅದು ಎಷ್ಟು ತೆಳುವೆಂದರೆ, ಹೊರವಲಯದಲ್ಲಿ ಒಂದು ಲೀಟರಿನಷ್ಟು ಜಾಗದಲ್ಲಿ ಒಂದು ಕಣ ಸಿಕ್ಕರೆ ಹೆಚ್ಚು.

ಇಲ್ಲಿಯೇ ತಕ್ಕಡಿ ಇರುವುದು. ಅಷ್ಟು ಬಿಸಿಯಾದ ಅನಿಲದ ಕಣಗಳು ಮಹಾವೇಗದಿಂದ ಓಡುತ್ತಿರುವುವು. ಎಲೆಕ್ಟ್ರಾನು ಪ್ರೋಟಾನಿನ ಬಳಿ ಹಾಯ್ದು ದಾರಿ ಬಾಗಿದಾಗ ಕ್ಷಕಿರಣ ಹೊರಬೀಳುವುದು. ಹಿಡಿದಿಡುವ ಗುರುತ್ವಾಕರ್ಷಣೆ ಇಲ್ಲದಿದ್ದರೆ ಆ ಮೋಡ ಎಂದೋ ಚದುರಿಹೋಗಬೇಕಾಗಿತ್ತು. ಅದು ಇನ್ನೂ ಉಳಿದಿರುವುದೇ ಗೆಲಾಕ್ಸಿಗಳು ಒಂದೆಡೆ ಇವೆಯೆಂಬುದಕ್ಕೆ ಸಾಕ್ಷಿ. ಕಿರಣಗಳ ಬಣ್ಣದಿಂದ ಉಷ್ಣತೆಯನ್ನೂ ಪ್ರಕಾಶದಿಂದ ಸಾಂದ್ರತೆಯನ್ನೂ ತಿಳಿದರೆ ಅನಿಲದ ಒತ್ತಡ ಸಿಕ್ಕುವುದು. ಆ ಒತ್ತಡವನ್ನು ತಡೆಯಲು ಬೇಕಾದ ತೂಕವೂ ಸಿಕ್ಕುವುದು. ಹೀಗೆ ತೂಗಿದಾಗ ನಕ್ಷತ್ರಗಳೂ ಅನಿಲವೂ ಕೂಡಿ ನೂರಕ್ಕೆ 15 ಪಾಲನ್ನೂ ಮೀರವು, ಬಹುಶಃ 4 ಪಾಲಷ್ಟೇ ಇರಬಹುದೆಂದು ಅವರು ಎಣಿಸಿದರು. ಉಳಿದುದೆಲ್ಲ ಬೆಳಕನ್ನೇ ಬೀರದ ಅದೃಶ್ಯ ದ್ರವ್ಯ!

ಎಲ್ಲರೂ ಇದನ್ನು ಹಾಗೆಯೇ ಒಪ್ಪಲಿಲ್ಲ. ಒಪ್ಪದಿದ್ದುದು ಒಳ್ಳೆಯದೇ ಆಯಿತು. ಮೋಡದ ಅಂಚು ಆಕಾಶದ ಹಿನ್ನೆಲೆಯ ಬೆಳಕಿನಲ್ಲಿ ಕರಗಿಹೋಗುವುದರಿಂದ, ಹಿನ್ನೆಲೆಯೆಂದು ಎಷ್ಟನ್ನು ಕಳೆಯುವೆವೋ ಅದರ ಮೇಲೆ ಉತ್ತರ ನಿಂತಿರುವುದು. ಬೇರೆಯವರು ಮತ್ತೆ ಲೆಕ್ಕ ಹಾಕಿದಾಗ ಸಾಮಾನ್ಯ ದ್ರವ್ಯದ ಪಾಲು 4ಕ್ಕಿಂತ ಏರಿತು. ಅದೃಶ್ಯ ದ್ರವ್ಯದ ಮೇಲುಗೈ ಮಾತ್ರ ಅಳಿಯಲಿಲ್ಲ.

ಆದರೂ ದೊಡ್ಡ ಸಂದಣಿಗಳಿಗೆ ಹೋಲಿಸಿದರೆ ಚಿಕ್ಕ ಗುಂಪುಗಳ ಒಳಭಾಗದಲ್ಲಿ ಅನಿಲ ಕಡಮೆಯೇ. ಹೋದುದೆಲ್ಲಿಗೆ? 1999ರಲ್ಲಿ ಏರಿದ, ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರರ ಹೆಸರನ್ನು ಹೊತ್ತ ಚಂದ್ರಾ ದೂರದರ್ಶಕ ಒಂದು ಸುಳಿವನ್ನು ಕೊಟ್ಟಿತು. ಕನ್ಯಾ ರಾಶಿಯಲ್ಲಿರುವ, ಹಿಕ್‌ಸನ್ ಪಟ್ಟಿಯ 62ನೆಯ ಗುಂಪನ್ನು ಅದು ನೋಡಿದಾಗ, ನಡುವಣ ಗೆಲಾಕ್ಸಿಯ ಎರಡು ಪಕ್ಕಗಳಲ್ಲಿ ಅನಿಲದೊಳಗೆ ಎರಡು ಪೊಳ್ಳುಗಳು ಕಂಡವು. ಗೆಲಾಕ್ಸಿಯ ಒಡಲಲ್ಲಿರುವ ಕಪ್ಪುಕುಳಿಯಿಂದ ಚಿಮ್ಮಿದ ಧಾರೆಗಳು ಅನಿಲವನ್ನು ಬದಿಗೊತ್ತಿ ಮಾಡಿದ ಗುಳ್ಳೆಗಳವು.