ಫ್ರೀಡಾ ಲಂಗ, ಉಷಾ ಉತುಪ್ ಸೀರೆ, ಶಂಕರ್ ನಾಗ್ ಖಾಕಿ: ಸ್ಟೈಲ್ ಎಲ್ಲಿಂದ ಬರುತ್ತೆ?

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಅಂತ ನಮ್ಮಲ್ಲೊಂದು ಗಾದೆ ಇದೆ. ತಿನ್ನೋದು ನಮಗೆ ಬೇಕಾದ ಹಾಗೆ, ಕಾಣೋದು ಮಾತ್ರ ನಾಲ್ಕು ಜನ ಮೆಚ್ಚುವ ಹಾಗೆ. ಮುಂಚೆ ಈ ‘ನಾಲ್ಕು ಜನ’ ಬೀದಿಯಲ್ಲಿ, ಮದುವೆ ಮನೆಯಲ್ಲಿ ಸಿಗ್ತಿದ್ರು. ಈಗ ನಮ್ಮ ಜೇಬಲ್ಲೇ ಇದ್ದಾರೆ. ಫೋನ್ ತೆಗೆದರೆ ಒಂದರ ಹಿಂದೊಂದು ರೀಲ್ಸ್, ಅದರ ಕೆಳಗೆ ಖರೀದಿ ಲಿಂಕ್. ಹತ್ತು ನಿಮಿಷ ನೋಡಿ ಕನ್ನಡಿ ಮುಂದೆ ನಿಂತರೆ ಬಟ್ಟೆ ಹಳೇದು, ಬಣ್ಣ ಕಪ್ಪು, ಮೈ ದಪ್ಪ ಅಂತ ತಪ್ಪುಗಳೇ ಕಾಣುತ್ತವೆ.

ಆದರೆ ಕೆಲವರನ್ನು ನೋಡಿದಾಗ ಉಲ್ಟಾ ಆಗುತ್ತೆ. ಅವರ ಉಡುಗೆ ನೋಡಿದರೆ ಕೊಳ್ಳಬೇಕು ಅನ್ನೋದಕ್ಕಿಂತ, ‘ಅರೆ, ನಾನೂ ನನ್ನ ಹಾಗೇ ಇರಬಹುದಲ್ವಾ’ ಅನ್ನೋ ಧೈರ್ಯ ಬರುತ್ತೆ. ಈ ಎರಡಕ್ಕೂ ಏನು ವ್ಯತ್ಯಾಸ? ಇವತ್ತಿನ ಸಂಚಿಕೆಯಲ್ಲಿ ಮೂವರು ಕಲಾವಿದರನ್ನು ಇಟ್ಟುಕೊಂಡು ಅದನ್ನು ನೋಡೋಣ.

ಉದ್ದ ಲಂಗದ ಹಿಂದಿನ ಕಾಲು

ಮೊದಲು ಮೆಕ್ಸಿಕೊದ ಚಿತ್ರಕಲಾವಿದೆ ಫ್ರೀಡಾ ಕಾಹ್ಲೊ. ಟೀ ಶರ್ಟ್, ಮಗ್, ಮೊಬೈಲ್ ಕವರ್ ಮೇಲೆ ನೀವು ಈ ಮುಖ ನೋಡಿರ್ತೀರಿ. ಕೂಡಿದ ಹುಬ್ಬು, ತಲೆ ತುಂಬ ಹೂವು, ಗಾಢ ಬಣ್ಣದ ಬಟ್ಟೆ.

ಫ್ರೀಡಾ ಹುಟ್ಟಿದ್ದು 1907ರಲ್ಲಿ. ಆರನೇ ವಯಸ್ಸಿಗೆ ಪೋಲಿಯೊ ಬಂದು ಬಲಗಾಲು ಸಣಕಲಾಯಿತು. 1925ರಲ್ಲಿ, ಹದಿನೆಂಟು ವಯಸ್ಸಿನಲ್ಲಿ, ಅವರಿದ್ದ ಬಸ್ಸಿಗೆ ಟ್ರಾಮ್ ಡಿಕ್ಕಿ ಹೊಡೆಯಿತು. ಬೆನ್ನುಮೂಳೆ, ಸೊಂಟ, ಕಾಲು ಎಲ್ಲಾ ಮುರಿಯಿತು. ತಿಂಗಳುಗಟ್ಟಲೆ ಹಾಸಿಗೆ. ಮಲಗಿದಲ್ಲೇ ಚಿತ್ರ ಬರೆಯೋಕೆ ಆಗುವಂಥ ಈಸೆಲ್ ಮಾಡಿಸಿಕೊಟ್ಟರು, ಮಂಚದ ಮೇಲೆ ಕನ್ನಡಿ ಕಟ್ಟಿದರು. ಕಣ್ಣೆದುರು ಇದ್ದ ಒಂದೇ ಮುಖ ತನ್ನದು, ಅದನ್ನೇ ಬರೆದರು. ಅವರ ಚಿತ್ರಗಳಲ್ಲಿ ಸುಮಾರು ಮೂರನೇ ಒಂದು ಭಾಗ ಸ್ವಂತ ಚಿತ್ರಗಳೇ.

ಈಗ ಬಟ್ಟೆಗೆ ಬರೋಣ. ಅವರು ಹೆಚ್ಚಾಗಿ ಉಡುತ್ತಿದ್ದದ್ದು ದಕ್ಷಿಣ ಮೆಕ್ಸಿಕೊದ ತೆಹುವಾಂಟೆಪೆಕ್ ಕಡೆಯ ಹೆಂಗಸರ ಉಡುಗೆ. ಚೌಕಾಕಾರದ ಸಡಿಲ ಕುಪ್ಪಸ, ನೆಲ ಮುಟ್ಟುವ ಲಂಗ. ಲಂಗ ಸಣಕಲು ಕಾಲನ್ನು ಮುಚ್ಚುತ್ತಿತ್ತು. ಸಡಿಲ ಕುಪ್ಪಸದೊಳಗೆ ಬೆನ್ನಿಗೆ ಆಸರೆಯಾದ ಪ್ಲಾಸ್ಟರ್ ಕವಚ ಹಿಡಿಸುತ್ತಿತ್ತು. ಹೂವು, ಓಲೆ, ಸರ ನೋಡುವವರ ಕಣ್ಣನ್ನು ಮುಖದತ್ತ ಎಳೆಯುತ್ತಿದ್ದವು. ಇದು ಮೈಯ ಲೆಕ್ಕ. ಇನ್ನೊಂದು ಲೆಕ್ಕವೂ ಇತ್ತು. 1910ರಲ್ಲಿ ಶುರುವಾದ ಕ್ರಾಂತಿಯ ನಂತರ, ಯುರೋಪಿನ ಫ್ಯಾಷನ್ ಬಿಟ್ಟು ನೆಲದ ಜನರ ಕಲೆಗೆ ಮರ್ಯಾದೆ ಕೊಡಬೇಕು ಅನ್ನೋ ಮಾತು ಮೆಕ್ಸಿಕೊದ ಕಲಾವಿದರಲ್ಲಿ ಜೋರಾಗಿತ್ತು. ಫ್ರೀಡಾ ಆ ಮಾತನ್ನು ಮೈಮೇಲೆ ಉಟ್ಟುಕೊಂಡರು.

ಅಡಗಿಸಿದ್ದಷ್ಟೇ ಅಲ್ಲ. ಪ್ಲಾಸ್ಟರ್ ಕವಚದ ಮೇಲೂ ಚಿತ್ರ ಬರೆದರು. 1953ರಲ್ಲಿ ಬಲಗಾಲನ್ನು ಮೊಣಕಾಲ ಕೆಳಗೆ ಕತ್ತರಿಸಿದಾಗ, ಕೃತಕ ಕಾಲಿಗೆ ಕೆಂಪು ಬೂಟು ಹಾಕಿಸಿ, ಅದಕ್ಕೆ ಕಸೂತಿ, ಗೆಜ್ಜೆ ಸೇರಿಸಿದರು. ಮರುವರ್ಷ ತೀರಿಕೊಂಡರು. ಅವರ ಬಟ್ಟೆಬರೆ ಐವತ್ತು ವರ್ಷ ಬೀಗ ಹಾಕಿದ ಕೋಣೆಯಲ್ಲೇ ಉಳಿದಿತ್ತು. ಅದನ್ನು ತೆರೆದದ್ದು 2004ರಲ್ಲಿ.

2018ರಲ್ಲಿ ಬಾರ್ಬಿ ಕಂಪನಿ ಫ್ರೀಡಾ ಗೊಂಬೆ ಮಾಡಿತು. ಅದರಲ್ಲಿ ಹುಬ್ಬು ತೆಳು, ಮೈ ಸಪೂರ. ಜನ ಪ್ರಶ್ನೆ ಎತ್ತಿದರು, ಕುಟುಂಬದವರೊಬ್ಬರು ಕೋರ್ಟಿಗೂ ಹೋದರು. ಪಾಪ್ಯುಲರ್ ಕಲ್ಚರ್ ಕೆಲಸ ಮಾಡೋದು ಹೀಗೇ. ಒಬ್ಬರನ್ನು ಮನೆಮನೆಗೆ ತಲುಪಿಸುತ್ತೆ, ತಲುಪಿಸುವ ದಾರಿಯಲ್ಲಿ ಅವರ ಗಟ್ಟಿತನವನ್ನೇ ಉಜ್ಜಿ ನುಣುಪು ಮಾಡುತ್ತೆ. ಟೀ ಶರ್ಟ್ ಮೇಲಿನ ಚಿತ್ರ ನೋಡಿ ಸುಮ್ಮನಾಗದೆ, ಆ ಮನುಷ್ಯರ ಕೆಲಸ ನೋಡಬೇಕಾಗಿರೋದು ಅದಕ್ಕೇ.

ನೈಟ್‌ಕ್ಲಬ್‌ನಲ್ಲಿ ಕಾಂಜೀವರಂ

ಎರಡನೆಯವರು ಗಾಯಕಿ ಉಷಾ ಉತುಪ್. 1969ರಲ್ಲಿ ಅವರು ಆಗಿನ ಮದ್ರಾಸಿನ ನೈಟ್‌ಕ್ಲಬ್‌ನಲ್ಲಿ ಹಾಡಲು ಶುರು ಮಾಡಿದಾಗ, ಅಂಥ ಜಾಗದ ಹಾಡುಗಾರ್ತಿ ಅಂದರೆ ಗೌನು, ತೆಳು ಕಂಠ ಅನ್ನೋ ಕಲ್ಪನೆ ಇತ್ತು. ಇವರು ಬಂದದ್ದು ಸೀರೆ ಉಟ್ಟು, ದಪ್ಪ ಗಡಸು ದನಿಯಲ್ಲಿ. ಈ ದನಿ ಹಾಡಿಗೆ ಒಗ್ಗಲ್ಲ ಅಂತ ಶಾಲೆಯ ಸಂಗೀತ ತರಗತಿಯಿಂದ ಹೊರಗಿಟ್ಟಿದ್ದರು ಅಂತ ಅವರೇ ಹೇಳಿಕೊಂಡಿದ್ದಾರೆ. ಸೀರೆ ಬಿಡಲಿಲ್ಲ, ದನಿ ಬದಲಿಸಲಿಲ್ಲ. ಕಾಂಜೀವರಂ, ಅಗಲ ಬೊಟ್ಟು, ಮುಡಿಗೆ ಹೂವು, ಕಾಲಿಗೆ ಸ್ನೀಕರ್ಸ್. ಗಂಟೆಗಟ್ಟಲೆ ವೇದಿಕೆ ಮೇಲೆ ನಿಲ್ಲುವವರಿಗೆ ಹೀಲ್ಸ್‌ಗಿಂತ ಸ್ನೀಕರ್ಸ್ ಹಿತ ಅನ್ನೋದನ್ನು ಬಿಡಿಸಿ ಹೇಳಬೇಕಾ? 2024ರಲ್ಲಿ ಅವರಿಗೆ ಪದ್ಮಭೂಷಣ ಬಂತು.

ಖಾಕಿಗೆ ಸಿಕ್ಕ ಮರ್ಯಾದೆ

ಮೂರನೆಯವರು ನಮ್ಮ ಶಂಕರ್ ನಾಗ್. 1980ರ ‘ಆಟೋ ರಾಜ’ ಸಿನಿಮಾದಲ್ಲಿ ಅವರು ತೊಟ್ಟಿದ್ದು ಡಿಸೈನರ್ ಬಟ್ಟೆ ಅಲ್ಲ, ಬೀದಿಯಲ್ಲಿ ದಿನಾ ಕಾಣುವ ಖಾಕಿ ಅಂಗಿ. ದುಡಿಮೆಗೆ ಅಂತ ಹಾಕುವ ಯೂನಿಫಾರ್ಮ್ ತೆರೆ ಮೇಲೆ ಹೀರೋ ಉಡುಗೆ ಆಯಿತು. ಅವರು ಅಪಘಾತದಲ್ಲಿ ಹೋಗಿದ್ದು 1990ರಲ್ಲಿ, ಆಗ ವಯಸ್ಸು ಕೇವಲ 35. ಆಮೇಲೆ ಹುಟ್ಟಿದ ಹುಡುಗರ ಆಟೋ ಹಿಂದೆ ಕೂಡ ಇವತ್ತು ಅವರ ಚಿತ್ರ ಇದೆ. ಇಲ್ಲಿ ಅಭಿಮಾನಿಗಳು ಹೊಸದಾಗಿ ಏನನ್ನೂ ಕೊಳ್ಳಬೇಕಾಗಿರಲಿಲ್ಲ. ಹಾಕಿಕೊಂಡಿದ್ದ ಬಟ್ಟೆಯನ್ನೇ ತಲೆ ಎತ್ತಿ ಹಾಕಿಕೊಳ್ಳುವ ಹಾಗಾಯಿತು.

ಬಟ್ಟೆಯಿಂದ ಮನಸ್ಸು ಬದಲಾಗುತ್ತಾ?

2012ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಒಂದು ಪ್ರಯೋಗ ಪ್ರಕಟಿಸಿದರು. ಬಿಳಿ ಕೋಟು ತೊಟ್ಟವರಿಗೆ ‘ಇದು ಡಾಕ್ಟರ್ ಕೋಟು’ ಅಂದಾಗ ಗಮನ ಹೆಚ್ಚಾಯಿತು, ಅದೇ ಕೋಟನ್ನು ‘ಪೇಂಟರ್ ಕೋಟು’ ಅಂದಾಗ ಹಾಗಾಗಲಿಲ್ಲ ಅಂತ ಅದರಲ್ಲಿತ್ತು. ಮುಂದೆ ಬೇರೆಯವರು ಅದರ ಒಂದು ಭಾಗವನ್ನು ಮತ್ತೆ ಮಾಡಿ ನೋಡಿದಾಗ ಅದೇ ಫಲಿತಾಂಶ ಬರಲಿಲ್ಲ. ಹಾಗಾಗಿ ‘ಈ ಬಣ್ಣ ಹಾಕಿದರೆ ಆತ್ಮವಿಶ್ವಾಸ ಗ್ಯಾರಂಟಿ’ ಅನ್ನೋ ರೀಲ್ಸ್ ಕಂಡರೆ ಸ್ವಲ್ಪ ಅನುಮಾನ ಇಟ್ಟುಕೊಳ್ಳಿ. ಬಟ್ಟೆ ಮಾತ್ರೆ ಅಲ್ಲ. ಅದಕ್ಕೆ ನಾವು ಕೊಡುವ ಅರ್ಥಕ್ಕೆ ಮಾತ್ರ ಒಂದಷ್ಟು ಬಲ ಇದೆ.

ಹಾಗಾದ್ರೆ ನಾವೇನು ಮಾಡೋದು?

ಒಂದು, ನಿಮಗೆ ಇಷ್ಟವಾದ ಒಬ್ಬರನ್ನು ಆರಿಸಿಕೊಳ್ಳಿ. ಹಾಡುಗಾರರೋ, ನಟರೋ, ರ‍್ಯಾಪರ್ರೋ, ಯಕ್ಷಗಾನದ ವೇಷಧಾರಿಯೋ, ಯಾರಾದರೂ ಸರಿ. ಫೋಟೊ ಬಿಟ್ಟು ಅವರ ಹಾಡು, ಸಿನಿಮಾ, ಸಂದರ್ಶನ ನೋಡಿ.

ಎರಡು, ‘ಇದೆಲ್ಲಿ ಸಿಗುತ್ತೆ?’ ಅಂತ ಹುಡುಕುವ ಮೊದಲು ‘ಇವರು ಇದನ್ನೇ ಯಾಕೆ ಹಾಕ್ತಾರೆ?’ ಅಂತ ಕೇಳಿಕೊಳ್ಳಿ. ಆರಾಮಕ್ಕಾ, ಊರಿನ ನೆನಪಿಗಾ, ಹಟಕ್ಕಾ? ಕಾರಣವೇ ಇಲ್ಲ, ಜಾಹೀರಾತಿಗೆ ಅಷ್ಟೇ ಅಂತ ಗೊತ್ತಾದರೆ ನಿಮ್ಮ ದುಡ್ಡು ಉಳಿಯಿತು.

ಮೂರು, ಆ ಕಾರಣಕ್ಕೆ ನಿಮ್ಮ ಮನೆಯಲ್ಲೇ ಉತ್ತರ ಇದೆಯಾ ನೋಡಿ. ಅಜ್ಜಿಯ ಇಳಕಲ್ ಸೀರೆ, ಅಮ್ಮನ ಪೆಟ್ಟಿಗೆಯಲ್ಲಿರುವ ಧಾರವಾಡದ ಕಸೂತಿ ಕೆಲಸದ ಬಟ್ಟೆ, ಅಪ್ಪನ ಹಳೇ ಚೆಕ್ಸ್ ಶರ್ಟು. ಅಳತೆ ಕೂಡದಿದ್ದರೆ ಬೀದಿ ಕೊನೆಯ ಟೈಲರ್ ಇದ್ದಾರಲ್ಲ. ಇಎಂಐ ಹಾಕಿ ಶೂ ತೆಗೆದುಕೊಳ್ಳೋದು ಬೇಕಿದ್ದರೆ ಆಮೇಲೆ ಯೋಚಿಸಬಹುದು.

ನಾಲ್ಕು, ಒಂದೇ ಒಂದು ಗುರುತು ಸಾಕು. ಒಂದು ಬೊಟ್ಟು, ಒಂದು ಶಾಲು, ಒಂದು ಬಣ್ಣ. ಮೊದಲ ದಿನ ಯಾರಾದರೂ ‘ಏನಿವತ್ತು ವಿಶೇಷ?’ ಅಂತ ಕೇಳ್ತಾರೆ, ಕೆಲವರು ನಗ್ತಾರೆ. ವಾರ ಕಳೆಯೋದರೊಳಗೆ ಅದು ನಿಮ್ಮ ಗುರುತಾಗುತ್ತೆ, ನಕ್ಕವರಿಗೂ ಅಭ್ಯಾಸ ಆಗುತ್ತೆ.

ಫ್ರೀಡಾ ಕಾಲು ಸರಿಹೋಗಲಿಲ್ಲ, ಉಷಾ ದನಿ ತೆಳುವಾಗಲಿಲ್ಲ, ಖಾಕಿ ಬಟ್ಟೆಯ ಬೆಲೆ ಏರಲಿಲ್ಲ. ಇದ್ದದ್ದನ್ನು ಮುಚ್ಚಬೇಕಾ, ತೋರಿಸಬೇಕಾ, ಸಿಂಗರಿಸಬೇಕಾ ಅನ್ನೋದನ್ನು ಮಾತ್ರ ಅವರು ‘ನಾಲ್ಕು ಜನ’ರ ಕೈಗೆ ಬಿಡಲಿಲ್ಲ.

ನಿಮ್ಮ ಉಡುಗೆಯ ಹಿಂದೆ ಯಾರಿದ್ದಾರೆ? ಸಿನಿಮಾದವರೋ, ನಿಮ್ಮೂರಿನವರೋ? ಈ ಸಂಚಿಕೆಯನ್ನು ಸ್ನೇಹಿತರಿಗೆ ಕಳಿಸಿ, ಅವರನ್ನೂ ಕೇಳಿ ನೋಡಿ.